ಕ್ಯಾಶ್‌ಲೆಸ್ ಅರ್ಜಿ: ಯಾವ ಕಾಗದ, ಯಾರ ಕೈಗೆ?

ಕೇಳುಗರಿಗೆಲ್ಲ ನಮಸ್ಕಾರ.

ಮದ್ದೂರಿನಿಂದಲೋ ಪಿರಿಯಾಪಟ್ಟಣದಿಂದಲೋ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಮೈಸೂರಿನ ಆಸ್ಪತ್ರೆಗೆ ಬಂದವರು, ಡಾಕ್ಟರ ಕೊಠಡಿ ದಾಟಿದ ಮೇಲೆ ನಿಲ್ಲುವುದು ಇನ್ಶೂರೆನ್ಸ್ ಡೆಸ್ಕಿನ ಮುಂದೆ. ಪಾಲಿಸಿ ಕಾರ್ಡು, ಆಧಾರ್, ಸ್ಕ್ಯಾನಿಂಗ್ ರಿಪೋರ್ಟು ಎಲ್ಲವನ್ನೂ ಒಪ್ಪಿಸಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಕೂರುತ್ತಾರೆ. ಆ ಕಾಗದಗಳು ಅಲ್ಲಿಂದ ಎಲ್ಲಿಗೆ ಹೋಗುತ್ತವೆ, ಎಷ್ಟು ಹೋಗಬೇಕು ಎಂಬುದು ಇವತ್ತಿನ ಮಾತು. ರೋಗಿಯ ಕಡೆಯವರಿಗೂ ಡೆಸ್ಕಿನಲ್ಲಿ ಕೂತವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಮೇ ತಿಂಗಳಲ್ಲಿ ಒಂದು ಮಾಸ್ಟರ್ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಕ್ಯಾಶ್‌ಲೆಸ್ ಅರ್ಜಿ, ಅಂದರೆ ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟಲಿ ಎಂಬ ಕೋರಿಕೆ, ಕೈಸೇರಿದ 1 ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ವೇಳೆಗೆ ಆಸ್ಪತ್ರೆ ಅಂತಿಮ ಒಪ್ಪಿಗೆ ಕೇಳಿದರೆ 3 ಗಂಟೆಯೊಳಗೆ ಕೊಡಬೇಕು. ರೋಗಿಗೆ ಇದು ಒಳ್ಳೆಯದೇ. ಆದರೆ ಗಡಿಯಾರ ಓಡಲು ಶುರುವಾದ ಮೇಲೆ ಡೆಸ್ಕಿನವರ ಭಯವೆಲ್ಲ ಕ್ವೆರಿಯದ್ದು, ಅಂದರೆ ಕಂಪನಿ ತಿರುಗಿ ಕೇಳುವ ಪ್ರಶ್ನೆಯದ್ದು. ಒಂದು ಕಾಗದ ಕಡಿಮೆಯಾದರೆ ಕ್ವೆರಿ ಬರುತ್ತದೆ, ಉತ್ತರ ಬರೆಯಬೇಕು, ರೋಗಿಯ ಕಡೆಯವರು ಕೌಂಟರಿಗೆ ಬಂದು ಗದರುತ್ತಾರೆ. ಇದೆಲ್ಲ ಯಾಕೆ ಬೇಕು ಅಂತ ಇಡೀ ಫೈಲನ್ನೇ ಸ್ಕ್ಯಾನ್ ಮಾಡಿ ಕಳಿಸಿಬಿಡುತ್ತಾರೆ. ರೋಗಿಯ ಗುಟ್ಟು ಹೊರಬೀಳಲು ಇಷ್ಟೇ ಸಾಕು. ಹ್ಯಾಕರ್‌ಗಳ ವಿಷಯ ಆಮೇಲಿನದು.

ಪಿತ್ತಕೋಶದ ಉದಾಹರಣೆಯನ್ನೇ ನೋಡೋಣ. ಬೇಕಾಗುವುದು ಮುಂಗಡ ಒಪ್ಪಿಗೆ ಕೇಳಲು ತುಂಬಿದ ಪ್ರೀ-ಆಥ್ ಫಾರಂ, ಹೊಟ್ಟೆನೋವು ಎಂದಿನಿಂದ ಎಂದು ಬರೆದ ಡಾಕ್ಟರ ಚೀಟಿ, ಅಲ್ಟ್ರಾಸೌಂಡ್ ರಿಪೋರ್ಟು, ಲಿವರ್ ಪರೀಕ್ಷೆಯಂಥ ಸಂಬಂಧಪಟ್ಟ ರಕ್ತಪರೀಕ್ಷೆ, ಖರ್ಚಿನ ಅಂದಾಜು, ಗುರುತಿನ ಚೀಟಿ. ಹತ್ತು ವರ್ಷದ ಹಿಂದಿನ ಹೆರಿಗೆಯ ಕಾಗದ ಬೇಡ. ಮನೋವೈದ್ಯರ ಚೀಟಿಯೂ ಬೇಡ. ಕಂಪನಿ ‘ಪೂರ್ತಿ ಕೇಸ್ ಶೀಟ್ ಕಳಿಸಿ’ ಅಂದರೆ, ಯಾವ ಸಂಶಯಕ್ಕೆ ಎಂದು ಪೋರ್ಟಲ್‌ನಲ್ಲೇ ತಿರುಗಿ ಕೇಳಿ. ಕಾಯಿಲೆ ಪಾಲಿಸಿ ಮಾಡಿಸುವ ಮುಂಚಿನದೇ ಎಂಬ ಅನುಮಾನವಿದ್ದರೆ ಮೊದಲ ಸಲ ತೋರಿಸಿದ ದಿನದ ಚೀಟಿ ಸಾಕಾಗಬಹುದು. ಹಾಗೆಂದು ಫಾರಂ ಕೇಳಿರುವ ಸಕ್ಕರೆ ಕಾಯಿಲೆಯನ್ನೋ ಬಿಪಿಯನ್ನೋ ಮುಚ್ಚಿಡಲು ಹೋಗಬೇಡಿ. ಅದು ಕ್ಲೇಮನ್ನೇ ಮುಳುಗಿಸುತ್ತದೆ.

ಎಚ್‌ಐವಿ ರಿಪೋರ್ಟಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಪರೇಷನ್ನಿಗೆ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಮಾಡುವುದು ವಾಡಿಕೆ. ಲ್ಯಾಬಿನ ಸಾಫ್ಟ್‌ವೇರ್ ಹಿಮೋಗ್ಲೋಬಿನ್ ಜೊತೆಗೇ ಇವನ್ನೂ ಒಂದೇ ಪಿಡಿಎಫ್‌ನಲ್ಲಿ ಮುದ್ರಿಸುತ್ತದೆ. ಡೆಸ್ಕಿನವರು ಅದನ್ನೇ ಅಪ್‌ಲೋಡ್ ಮಾಡಿದರೆ, ಹರ್ನಿಯಾಕ್ಕೆ ಬಂದವರ ಎಚ್‌ಐವಿ ಫಲಿತಾಂಶ ಟಿಪಿಎ ಕಚೇರಿಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆಗೆ, ಹೋಗಿರುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ನಂಬಿಕೆಯ ಮೇಲೆ ತಿಳಿದ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ, ಆ ಒಪ್ಪಿಗೆಯೂ ಬರವಣಿಗೆಯಲ್ಲಿರಬೇಕು. ಕ್ಯಾಶ್‌ಲೆಸ್ ಫಾರಂನ ಹಳೆಯ ಕಾಯಿಲೆಗಳ ಪಟ್ಟಿಯಲ್ಲಿ ಎಚ್‌ಐವಿಯದೂ ಒಂದು ಸಾಲಿದೆ. ಅದನ್ನು ತುಂಬುವ ಮುಂಚೆ ರೋಗಿಯ ಜೊತೆ ಮಾತನಾಡಬೇಕಾದವರು ಡಾಕ್ಟರು. ಆ ಕೆಲಸವನ್ನು ಕೌಂಟರಿನ ಹುಡುಗನಿಗೆ ಬಿಡಬಾರದು, ಅದರಲ್ಲೂ ಹಿಂದೆ ಸಾಲಿನಲ್ಲಿ ಜನ ನಿಂತಿರುವಾಗ. ಲ್ಯಾಬಿನ ಮಟ್ಟದಲ್ಲೇ ಈ ಪರೀಕ್ಷೆಗಳಿಗೆ ಬೇರೆ ಪುಟ, ಬೇರೆ ಫೈಲು ಬರುವಂತೆ ಸಾಫ್ಟ್‌ವೇರ್‌ನವರಿಗೆ ಹೇಳಿಸಿ. ಮನೋಚಿಕಿತ್ಸೆಯ ದಾಖಲೆಗಳ ಗೋಪ್ಯತೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಇದೆ.

ಇನ್ನೊಂದು ಎಡವಟ್ಟು ನಮ್ಮ ಸೀಮೆಗೆ ಚೆನ್ನಾಗಿ ಹೊಂದುತ್ತದೆ. ಮಂಡ್ಯ ಕಡೆ ಒಂದೇ ದಿನ ಇಬ್ಬರು ನಿಂಗೇಗೌಡರು, ಇಬ್ಬರು ಮಹದೇವಮ್ಮಂದಿರು ದಾಖಲಾಗುವುದು ಆಶ್ಚರ್ಯವಲ್ಲ. ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹೆಸರಿನ ಮೇಲೆ ಫೈಲ್ ಉಳಿಸಿದರೆ ಒಬ್ಬರ ರಿಪೋರ್ಟು ಇನ್ನೊಬ್ಬರ ಅರ್ಜಿಗೆ ಅಂಟಿಕೊಳ್ಳುತ್ತದೆ. ಫೈಲಿಗೆ ಆಸ್ಪತ್ರೆಯ ರೋಗಿ ಸಂಖ್ಯೆಯನ್ನೇ ಹೆಸರಾಗಿಡಿ. ಕಳಿಸುವ ಮುಂಚೆ ಪ್ರತಿ ಪುಟದಲ್ಲೂ ಆ ಸಂಖ್ಯೆ ಮತ್ತು ವಯಸ್ಸು ಹೊಂದುತ್ತವೆಯೇ ನೋಡಿ. ಆ ಫೋಲ್ಡರನ್ನು ದಿನವೂ ಸಂಜೆ ಖಾಲಿ ಮಾಡಿ, ರೀಸೈಕಲ್ ಬಿನ್ ಸಮೇತ.

ಇನ್ನು ವಾಟ್ಸಾಪ್. ಸ್ಕ್ಯಾನರ್ ಕೆಟ್ಟಿದೆ ಎಂದು ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನಲ್ಲಿ ಕೇಸ್ ಶೀಟಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬ್ಯಾಕಪ್ ಆನ್ ಇದ್ದರೆ ಆ ಫೋಟೋ ಅವರ ಖಾತೆಯ ಕ್ಲೌಡಿಗೂ ಏರುತ್ತದೆ. ಅವರು ಕೆಲಸ ಬಿಟ್ಟು ಹೋದ ಮೇಲೂ ಅಲ್ಲೇ ಇರುತ್ತದೆ, ಅಳಿಸಲು ಆಸ್ಪತ್ರೆಗೆ ದಾರಿಯೇ ಇಲ್ಲ. ಡೆಸ್ಕಿಗೊಂದು ಆಸ್ಪತ್ರೆಯದೇ ಸ್ಕ್ಯಾನರ್ ಇಡುವುದು ದೊಡ್ಡ ಖರ್ಚಲ್ಲ. ನಾಲ್ಕು ಜನ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್ ಬಳಸುವುದೂ ಹೀಗೆಯೇ. ಯಾರು ಯಾವ ಫೈಲ್ ತೆರೆದರು ಎಂದು ನಾಳೆ ಕೇಳಿದರೆ ಉತ್ತರವಿರುವುದಿಲ್ಲ. ರೋಗಿಯ ಕಡೆಯವರೂ ಅಷ್ಟೇ, ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಪ್ರಿಂಟ್ ತೆಗೆಸಿದ ಮೇಲೆ ಲಾಗ್‌ಔಟ್ ಮಾಡದೆ ಎದ್ದು ಬರಬೇಡಿ. ಗುರುತಿಗೆ ಪೂರ್ತಿ ಆಧಾರ್ ಬೇಕೇ ಎಂದು ಮೊದಲು ಕೇಳಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ.

ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಗುಂಪು ಪಾಲಿಸಿ ಇರುತ್ತದೆ. ಅಲ್ಲಿ ಇಮೇಲ್‌ನ ಸಿಸಿ ಸಾಲಿನಲ್ಲಿ ಎಚ್‌ಆರ್ ವಿಭಾಗ ಸೇರಿಕೊಂಡುಬಿಡುತ್ತದೆ. ಪಾಲಿಸಿ ಚಾಲ್ತಿಯಲ್ಲಿದೆಯೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ಎಂಬುದನ್ನು ಎಚ್‌ಆರ್ ಖಚಿತಪಡಿಸಬಹುದು. ರೋಗದ ಹೆಸರು ಅವರಿಗೇಕೆ? ‘ರೋಗದ ವಿವರ ನನ್ನ ಸಂಸ್ಥೆಗೆ ಕಳಿಸಬೇಡಿ’ ಎಂದು ಡೆಸ್ಕಿನಲ್ಲಿ ಬರೆದುಕೊಟ್ಟು, ಅದರ ಒಂದು ಪ್ರತಿ ಇಟ್ಟುಕೊಳ್ಳಿ.

ಈಗ ಇದಕ್ಕೆಲ್ಲ ನ್ಯಾಷನಲ್ ಹೆಲ್ತ್ ಕ್ಲೇಮ್ಸ್ ಎಕ್ಸ್‌ಚೇಂಜ್ ಎಂಬ ಮಾರ್ಗ ಬಂದಿದೆ. ಆಸ್ಪತ್ರೆಯ ಕಂಪ್ಯೂಟರ್ ಅರ್ಜಿಯನ್ನು ವಿಮಾ ಕಂಪನಿ ಮಾತ್ರ ಬಿಚ್ಚಬಲ್ಲ ಬೀಗ ಹಾಕಿ ಕಳಿಸುತ್ತದೆ. ಅಂಚೆಯವರು ಲಕೋಟೆಯ ವಿಳಾಸವನ್ನಷ್ಟೇ ಓದುವಂತೆ, ನಡುವಿನ ಎಕ್ಸ್‌ಚೇಂಜ್ ಯಾರಿಂದ ಯಾರಿಗೆ ಎಂಬುದನ್ನಷ್ಟೇ ನೋಡುತ್ತದೆ. ವ್ಯವಸ್ಥೆ ಚೆನ್ನಾಗಿದೆ. ಆದರೆ ಒಳಗೆ ತುಂಬಿದ್ದೇ ಅತಿಯಾದರೆ ಬೀಗವೇನು ಮಾಡೀತು? ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಇರುವವರು ಆ್ಯಪ್‌ನಲ್ಲಿ ಒಪ್ಪಿಗೆ ಕೋರಿಕೆ ಬಂದಾಗ ಕಣ್ಣುಮುಚ್ಚಿ ಒತ್ತಬೇಡಿ. ಯಾವ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಒಪ್ಪಿಗೆ ಎಂದಿಗೆ ಮುಗಿಯುತ್ತದೆ ಎಂಬುದನ್ನು ನೋಡಿ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯಲೂ ಅಲ್ಲಿ ಅವಕಾಶವಿದೆ.

ಕಾನೂನಿನ ಮಾತು ಚುಟುಕಾಗಿ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದೇ ಎಣಿಸುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶವಿದೆ. ಆ ಕಾಯ್ದೆಯಲ್ಲೇ ಒಂದು ಉದಾಹರಣೆ ಬರುತ್ತದೆ. ಟೆಲಿಮೆಡಿಸಿನ್ ಆ್ಯಪ್ ಒಂದು ಮೊಬೈಲಿನ ಫೋನ್ ನಂಬರುಗಳ ಪಟ್ಟಿಗೂ ಒಪ್ಪಿಗೆ ಕೇಳಿ ಪಡೆಯುತ್ತದೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ, ಸಹಿ ಇದ್ದರೂ ಆ ಒಪ್ಪಿಗೆ ಅಷ್ಟರ ಮಟ್ಟಿಗೆ ನಡೆಯುವುದಿಲ್ಲ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ‘ಒಪ್ಪಿಗೆ ಇದೆಯಲ್ಲ’ ಎನ್ನುವವರು ಇದನ್ನು ಓದಬೇಕು. ಒಪ್ಪಿಗೆಯ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಕೇಳುವ ಹಕ್ಕೂ ಅದರಲ್ಲಿದೆ. ಸುರಕ್ಷತೆಯಲ್ಲಿ ಲೋಪವಾಗಿ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕಂಪ್ಯೂಟರ್ ಮೇಲೆ ದಾಳಿಯಾದದ್ದು ತಿಳಿದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ಆದೇಶ ಈಗಾಗಲೇ ಜಾರಿಯಲ್ಲಿದೆ. ಆ ವರದಿ ಕಳಿಸುವ ಇಮೇಲ್ ವಿಳಾಸ ರಾತ್ರಿ ಪಾಳಿಯವರಿಗೂ ಗೊತ್ತಿರಲಿ.

ಮನೆಗೆ ಹೋದ ಮೇಲೆ ಒಂದು ಫೋನ್ ಬರಬಹುದು. ನಿಮ್ಮ ಪಾಲಿಸಿ ನಂಬರು, ಆಸ್ಪತ್ರೆಗೆ ಸೇರಿದ ದಿನ ಎಲ್ಲವನ್ನೂ ಸರಿಯಾಗಿ ಹೇಳಿ, ‘ಕ್ಲೇಮ್ ನಿಂತಿದೆ, ಒಟಿಪಿ ಹೇಳಿ’ ಅನ್ನುತ್ತಾರೆ. ಹೇಳಬೇಡಿ. ನಂಬರು, ಸಮಯ, ಅವರು ಹೇಳಿದ ವಿವರ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗದಿದ್ದರೂ ಆಸ್ಪತ್ರೆಗೂ ಕಂಪನಿಯ ದೂರು ಅಧಿಕಾರಿಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕಂಪನಿ ಸುಮ್ಮನಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಎಂಬ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಅದರ ಸಹಾಯವಾಣಿ 155255.

ನಮಸ್ಕಾರ.