ಅಳಿಸಿದ ಸಾಲು ಎಲ್ಲಿಗೆ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಡೇಟಾಬೇಸ್‌ನಲ್ಲಿ ಒಂದು ಸಾಲನ್ನು ಡಿಲೀಟ್ ಮಾಡುತ್ತೀರಿ. ಅದು ಎಲ್ಲಿಗೆ ಹೋಗುತ್ತದೆ? ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ವಿಷಯದಲ್ಲಿ ಉತ್ತರ ಸ್ವಲ್ಪ ವಿಚಿತ್ರ: ಎಲ್ಲಿಗೂ ಹೋಗುವುದಿಲ್ಲ. ಡಿಸ್ಕಿನಲ್ಲಿ ಇದ್ದ ಜಾಗದಲ್ಲೇ ಇರುತ್ತದೆ. ಯಾವ ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೆ ನಡೆಯುವ ಕೆಲಸಗಳ ಯಾವ ಕಟ್ಟು, ಅದನ್ನು ಅಳಿಸಿತು ಅನ್ನುವ ಸಂಖ್ಯೆಯೊಂದು ಅದರ ಜೊತೆ ಸೇರುತ್ತದೆ, ಅಷ್ಟೆ. ಅಪ್‌ಡೇಟ್ ಮಾಡಿದರೂ ಇದೇ ಕಥೆ. ಹಳೇ ಸಾಲನ್ನು ತಿದ್ದುವುದಿಲ್ಲ. ಹೊಸ ಸಾಲೊಂದನ್ನು ಪೂರ್ತಿ ಬರೆದು, ಹಳೆಯದನ್ನು ಹಾಗೇ ಬಿಡುತ್ತದೆ. ಈ ಡೇಟಾಬೇಸನ್ನು ನೋಡಿಕೊಳ್ಳುವವರ ಮುಕ್ಕಾಲು ತಲೆನೋವು ಹುಟ್ಟುವುದೇ ಇಲ್ಲಿ ಅನ್ನುವುದು ನನ್ನ ಲೆಕ್ಕ. ಯಾವುದನ್ನು ಗುಡಿಸಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಕಲಿಯಬಹುದು.

ಈ ಗುಣ ಹುಟ್ಟಿನಿಂದಲೇ ಬಂದದ್ದು. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಪೋಸ್ಟ್‌ಗ್ರೆಸ್ ಶುರು ಮಾಡಿದಾಗ, ಹಳೆಯದನ್ನು ಬೇಕೆಂದೇ ಉಳಿಸುತ್ತಿದ್ದರು. ಇಂಥ ದಿನ ಈ ಟೇಬಲ್ ಹೇಗಿತ್ತು ಅಂತ ಹಿಂದಕ್ಕೆ ಹೋಗಿ ಕೇಳುವ ಸೌಲಭ್ಯ ಆಗ ಇತ್ತು. 1994ಕ್ಕೆ ವಿಶ್ವವಿದ್ಯಾಲಯದ ಯೋಜನೆ ಮುಗಿಯಿತು. ಆಂಡ್ರ್ಯೂ ಯು, ಜಾಲಿ ಚೆನ್ ಎಂಬ ವಿದ್ಯಾರ್ಥಿಗಳು ಅದಕ್ಕೆ ಡೇಟಾಬೇಸ್‌ಗಳನ್ನು ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಸಿದರು. 1996ರಿಂದ ಅದು ಯಾವ ಕಂಪನಿಗೂ ಸೇರದೆ, ಬೇರೆ ಬೇರೆ ದೇಶಗಳ ಜನ ಸೇರಿ ಬೆಳೆಸುವ ಯೋಜನೆಯಾಯಿತು. ಹಿಂದಕ್ಕೆ ಹೋಗಿ ಕೇಳುವ ಸೌಲಭ್ಯ ಆಮೇಲೆ ತೆಗೆದುಹಾಕಿದರು. ಹಳೇ ಸಾಲು ಉಳಿಸುವ ಪದ್ಧತಿ ಮಾತ್ರ ಉಳಿಯಿತು. ಅದರಿಂದ ಲಾಭವೂ ಇದೆ. ಒಬ್ಬರು ಒಂದು ಸಾಲನ್ನು ಬದಲಿಸುತ್ತಿರುವಾಗ ಇನ್ನೊಬ್ಬರು ಅದರ ಹಳೇ ರೂಪವನ್ನು ಆರಾಮಾಗಿ ಓದುತ್ತಿರಬಹುದು. ಓದುವವರು ಬರೆಯುವವರಿಗೆ, ಬರೆಯುವವರು ಓದುವವರಿಗೆ ಕಾಯಬೇಕಿಲ್ಲ.

ಆದರೆ ಕಸ ಗುಡಿಸುವವರು ಬೇಕಲ್ವಾ? ಆ ಕೆಲಸದ ಹೆಸರು ವ್ಯಾಕ್ಯೂಮ್. ತಾನಾಗಿಯೇ ಓಡುವ ಆಟೋವ್ಯಾಕ್ಯೂಮ್ ಕೂಡ ಇದೆ. ಒಂದು ಟೇಬಲ್ಲಿನ ಸುಮಾರು ಶೇಕಡಾ 20ರಷ್ಟು ಸಾಲುಗಳು ಸತ್ತ ಮೇಲೆ ಅದು ಎದ್ದು ಬರುತ್ತದೆ. ಸಣ್ಣ ಟೇಬಲ್ಲಿಗೆ ಇದು ಸರಿ. 10 ಕೋಟಿ ಸಾಲಿನ ಟೇಬಲ್ ಅಂದರೆ 2 ಕೋಟಿ ಸಾಲು ಸಾಯುವ ತನಕ ಅದು ಸುಮ್ನೆ ಕೂತಿರುತ್ತದೆ. ಅಂಥ ಟೇಬಲ್ಲಿಗೆ ಮಾತ್ರ ಆ ಪ್ರಮಾಣವನ್ನು ಶೇಕಡಾ 1ಕ್ಕೆ ಇಳಿಸಿಬಿಡಿ. 'ಸರ್ವರ್ ನಿಧಾನ ಆಗ್ತಿದೆ' ಅಂತ ಆಟೋವ್ಯಾಕ್ಯೂಮನ್ನೇ ಆಫ್ ಮಾಡುವವರನ್ನು ಕಂಡರೆ ನನಗೆ ಭಯ. ವ್ಯಾಕ್ಯೂಮ್ ನಿಧಾನ ಅನ್ನಿಸಿದರೆ ಅದನ್ನು ಇನ್ನೂ ಜಾಸ್ತಿ ಸಲ ಓಡಿಸಬೇಕು, ಕಡಿಮೆ ಸಲ ಅಲ್ಲ.

ಒಮ್ಮೊಮ್ಮೆ ವ್ಯಾಕ್ಯೂಮ್ ಓಡುತ್ತಲೇ ಇರುತ್ತದೆ, ಟೇಬಲ್ ಮಾತ್ರ ಊದಿಕೊಳ್ಳುತ್ತಲೇ ಹೋಗುತ್ತದೆ. ಆಗ ಎಲ್ಲೋ ಒಂದು ಟ್ರಾನ್ಸಾಕ್ಷನ್ ತೆರೆದೇ ಉಳಿದಿದೆಯಾ ಅಂತ ಮೊದಲು ನೋಡಿ. ಯಾರೋ ಬಿಗಿನ್ ಅಂತ ಹೇಳಿ, ಏನೋ ಬದಲಿಸಿ, ಕಮಿಟ್ ಮಾಡಿ ಮುಗಿಸದೆ ಎದ್ದು ಹೋಗಿರುತ್ತಾರೆ. ಅದು ಮುಗಿಯದಿರುವಾಗ ಹಳೇ ಸಾಲುಗಳು ಯಾರಿಗಾದರೂ ಇನ್ನೂ ಬೇಕಾಗಬಹುದು ಅಂತ ಪೋಸ್ಟ್‌ಗ್ರೆಸ್ ಲೆಕ್ಕ ಹಾಕುತ್ತದೆ. ಹಾಗಾಗಿ ಅದು ಮುಗಿಯುವ ತನಕ ಆಮೇಲೆ ಸತ್ತ ಸಾಲುಗಳನ್ನು ಮುಟ್ಟುವ ಹಾಗಿಲ್ಲ. ಹೀಗೆ ಸುಮ್ನೆ ಕೂತ ಟ್ರಾನ್ಸಾಕ್ಷನ್‌ಗೆ ಕಾಲಮಿತಿ ಹಾಕುವ ಸೆಟ್ಟಿಂಗ್ 2016ರ 9.6ನೇ ಆವೃತ್ತಿಯಿಂದ ಇದೆ. ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಹಾಕಬೇಕು.

ಟ್ರಾನ್ಸಾಕ್ಷನ್ ಸಂಖ್ಯೆಯದ್ದೇ ಇನ್ನೊಂದು ಕಥೆ. ಅದು 32 ಬಿಟ್ ಸಂಖ್ಯೆ. ಸುಮಾರು 430 ಕೋಟಿ ಆದ ಮೇಲೆ ಮತ್ತೆ ಮೊದಲಿನಿಂದ ಶುರು. ಅರ್ಧ ಹಿಂದಿನದು, ಅರ್ಧ ಮುಂದಿನದು ಅಂತ ಲೆಕ್ಕ. ಹಾಗಾಗಿ ತೀರಾ ಹಳೆಯ ಸಾಲುಗಳಿಗೆ 'ಇದು ಎಲ್ಲರಿಗೂ ಹಳೆಯದು' ಅಂತ ಗುರುತು ಹಾಕುತ್ತಾ ಹೋಗಬೇಕು. ಅದೂ ವ್ಯಾಕ್ಯೂಮಿನ ಕೆಲಸವೇ. ಅದು ಹಿಂದೆ ಬಿದ್ದು ಅಂತರ 210 ಕೋಟಿಯ ಹತ್ತಿರ ಬಂದರೆ, ಪೋಸ್ಟ್‌ಗ್ರೆಸ್ ಹೊಸದಾಗಿ ಬರೆಯಲು ಬಿಡುವುದನ್ನೇ ನಿಲ್ಲಿಸುತ್ತದೆ. ಡೇಟಾ ಕೆಡುವುದಕ್ಕಿಂತ ನಿಂತುಹೋಗುವುದು ಮೇಲು ಅನ್ನುವ ತೀರ್ಮಾನ. 64 ಬಿಟ್ ಮಾಡಿಬಿಡಿ ಅಂತ ಯಾರಾದರೂ ಕೇಳಬಹುದು. ಪ್ರತಿ ಸಾಲಿನ ಜೊತೆ ಇಂಥ ಎರಡು ಸಂಖ್ಯೆ ಇವೆ. ಎರಡನ್ನೂ ದೊಡ್ಡದು ಮಾಡಿದರೆ ಪ್ರತಿ ಸಾಲೂ 8 ಬೈಟ್ ಬೆಳೆಯುತ್ತದೆ. ಅದಕ್ಕೇ ಈ ಚರ್ಚೆ ವರ್ಷಗಟ್ಟಲೆ ನಡೆದಿದೆ. ಈ ಯೋಜನೆಯಲ್ಲಿ ಒಂದು ಬದಲಾವಣೆ ಒಳಗೆ ಬರುವುದು ಹೀಗೇ. ಎಲ್ಲರೆದುರು ಚರ್ಚೆ ಆಗಬೇಕು, ಕೋಡ್ ಕಳಿಸಿದವರು ಬೇರೆಯವರ ಕೋಡನ್ನೂ ಓದಿ ತಪ್ಪು ಹುಡುಕಬೇಕು. ನಿಧಾನ ಅನ್ನಿಸುತ್ತದೆ. ಡೇಟಾಬೇಸ್ ಬರೆಯುವವರು ಅವಸರ ಮಾಡದಿರುವುದೇ ನನಗೆ ಇಷ್ಟ.

ಇನ್ನು ಮುಟ್ಟಲೇಬಾರದ್ದು. ಯಾವುದೇ ಬದಲಾವಣೆ ಟೇಬಲ್ಲಿನ ಫೈಲಿಗೆ ಹೋಗುವ ಮೊದಲು ಇನ್ನೊಂದು ಕಡೆ ಬರೆಯಲ್ಪಡುತ್ತದೆ. ಅದನ್ನು ವಾಲ್ ಅನ್ನುತ್ತಾರೆ, 'ರೈಟ್ ಅಹೆಡ್ ಲಾಗ್' ಅನ್ನುವುದರ ಚಿಕ್ಕ ರೂಪ. 16 ಎಂಬಿಯ ಫೈಲುಗಳ ಸಾಲು. ಕರೆಂಟು ಹೋಗಿ ಮಷೀನ್ ಬಿದ್ದರೆ, ಎದ್ದ ಮೇಲೆ ಇದನ್ನೇ ಓದಿ ಸರಿಮಾಡಿಕೊಳ್ಳುತ್ತದೆ. ಮೊದಲು ಈ ಫೋಲ್ಡರಿನ ಹೆಸರು 'ಪಿಜಿ ಎಕ್ಸ್‌ಲಾಗ್' ಅಂತಿತ್ತು. ಡಿಸ್ಕ್ ತುಂಬಿದಾಗ, ಲಾಗ್ ಫೈಲ್ ತಾನೇ ಅಂತ ಜನ ಅದನ್ನೇ ಅಳಿಸುತ್ತಿದ್ದರು. ಅಲ್ಲಿಗೆ ಡೇಟಾಬೇಸ್ ಕಥೆ ಮುಗಿಯಿತು. ಕೊನೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ 'ಪಿಜಿ ವಾಲ್' ಅಂತ ಬದಲಿಸಿದರು. ಇದರಿಂದ ಹಳೇ ಸ್ಕ್ರಿಪ್ಟುಗಳು ಎಷ್ಟೋ ಕೆಟ್ಟವು, ಗೊಣಗಾಟವೂ ಆಯಿತು. ಆದರೂ ಸರಿಯಾದ ಕೆಲಸ. ಆ ಫೋಲ್ಡರ್ ತುಂಬಿದರೆ ಕಾರಣ ಬೇರೆ ಕಡೆ ಇರುತ್ತದೆ: ಈ ಫೈಲುಗಳನ್ನು ಬೇರೆ ಕಡೆ ನಕಲಿಸಿ ಆರ್ಕೈವ್ ಮಾಡುವ ಕಮಾಂಡ್ ಸೋಲುತ್ತಿರಬಹುದು, ಇಲ್ಲವೇ ತೆಗೆದುಹಾಕಿದ ರೆಪ್ಲಿಕಾದ, ಅಂದರೆ ನಕಲು ಸರ್ವರಿನ, ಸ್ಲಾಟ್ (ಅದು ಎಲ್ಲಿಯ ತನಕ ಓದಿದೆ ಅನ್ನುವ ಗುರುತು) ಹಾಗೇ ಉಳಿದಿರಬಹುದು.

ಅದೇ 2017ರ ಜನವರಿ 31ರಂದು ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಆದದ್ದನ್ನು ಅವರೇ ಬಹಿರಂಗವಾಗಿ ಬರೆದಿದ್ದಾರೆ. ರೆಪ್ಲಿಕಾ ಸರಿಮಾಡಲು ಹೋದ ಎಂಜಿನಿಯರ್ ಮುಖ್ಯ ಸರ್ವರಿನ ಡೇಟಾ ಫೋಲ್ಡರ್ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ! ಸರ್ವರ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಎಂಬ ಪ್ರೋಗ್ರಾಂ ಹಳೆಯ 9.2. ಆವೃತ್ತಿ ಹೊಂದದೆ ಅದು ಪ್ರತಿ ಸಲ ಸೋಲುತ್ತಿತ್ತು. ಸೋತಿದ್ದನ್ನು ತಿಳಿಸುವ ಇಮೇಲೂ ತಲುಪುತ್ತಿರಲಿಲ್ಲ. ಬೇರೇನೋ ಕೆಲಸಕ್ಕೆ ಆರು ಗಂಟೆ ಮೊದಲು ಯಾರೋ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಹೊತ್ತಿನ ಪ್ರತಿ, ಅವರನ್ನು ಉಳಿಸಿತು. ಆ ಆರು ಗಂಟೆಯ ಡೇಟಾ ಹೋಯಿತು.

ಹಾಗಾಗಿ ನಿಮ್ಮಲ್ಲಿ ಯಾರಾದರೂ ಇಂಥ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರೆ, ಬ್ಯಾಕಪ್ ಫೈಲಿನ ಗಾತ್ರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಬೇರೊಂದು ಮಷೀನಿನಲ್ಲಿ ಅದನ್ನು ರಿಸ್ಟೋರ್ ಮಾಡಿ. ದೊಡ್ಡ ಟೇಬಲ್ಲುಗಳಲ್ಲಿ ಎಷ್ಟು ಸಾಲು ಬಂದಿವೆ, ಕೊನೆಯ ಸಾಲು ಯಾವ ದಿನದ್ದು ಅಂತ ನೋಡಿ. ಎಲ್ಲ ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಬರೆದಿಡಿ. 'ಯಾವಾಗ ಸರಿಹೋಗುತ್ತೆ' ಅಂತ ಮೇಲಿನವರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.

ನಮಸ್ಕಾರ.