ಕೆಡವದೆ ಕಟ್ಟುವ ವಿದ್ಯೆ

ಕೇಳುಗರಿಗೆ ನಮಸ್ಕಾರ.

1996ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಒಂದು ಸಣ್ಣ ಚೌಕವನ್ನು ಅಂದಗೊಳಿಸುವ ಕೆಲಸ ಆನ್ ಲಕಾಟನ್ ಮತ್ತು ಜಾನ್ ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳ ಪಾಲಿಗೆ ಬಂತು. ಅವರು ಹೋಗಿ ನೋಡಿದರು, ಸುತ್ತಲಿನ ನಿವಾಸಿಗಳನ್ನು ಮಾತನಾಡಿಸಿದರು. ಚೌಕ ಆಗಲೇ ಚೆನ್ನಾಗಿದೆ ಎನಿಸಿತು. ಜಲ್ಲಿ ಬದಲಿಸಿ, ಆಗಾಗ ಗುಡಿಸಿ, ಮರಗಳನ್ನು ಆರೈಕೆ ಮಾಡಿ ಎಂಬುದಷ್ಟೇ ಅವರು ಕೊಟ್ಟ ಯೋಜನೆಯ ತಿರುಳು. ನಕ್ಷೆ ಬರೆಯುವುದನ್ನೇ ಕಸುಬು ಮಾಡಿಕೊಂಡವರು ಬರೆಯದೆ ಕೈ ತಡೆಹಿಡಿಯುವುದಕ್ಕೆ, ನನ್ನ ಮಟ್ಟಿಗೆ, ಎದೆಗಾರಿಕೆ ಬೇಕು.

ಹಳೆಯದನ್ನು ಕೆಡವಿ ನೆಲ ಚೊಕ್ಕಟ ಮಾಡಿಕೊಂಡರೆ ಮಾತ್ರ ಹೊಸ ಬಾಳು ಸಾಧ್ಯ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ವಾಸ್ತುಚಿಂತನೆಯಲ್ಲಿ ಬಲವಾಗಿತ್ತು. 1925ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಪ್ಯಾರಿಸ್ಸಿನ ನಡುಭಾಗವನ್ನೇ ಅಳಿಸಿ ಗೋಪುರಗಳನ್ನು ನಿಲ್ಲಿಸುವ ಯೋಜನೆಯನ್ನು ಮುಂದಿಟ್ಟಿದ್ದ. ಇಂದು ಆ ನಂಬಿಕೆಯನ್ನು ಅಲುಗಾಡಿಸುತ್ತಿರುವುದರಲ್ಲಿ ಇಂಗಾಲದ ಲೆಕ್ಕವೂ ಒಂದು. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಕಾಯಿಸುವಾಗ ಉರಿಸಿದ ಇಂಧನದಿಂದ ಮಾತ್ರವಲ್ಲ, ಆ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಿಂತಿರುವ ಕಾಂಕ್ರೀಟ್ ಕಟ್ಟಡಕ್ಕೆ ಆ ಬೆಲೆಯನ್ನು ಒಮ್ಮೆ ತೆತ್ತಾಗಿದೆ; ಕೆಡವಿ ಮತ್ತೆ ಕಟ್ಟಿದರೆ ಎರಡನೆಯ ಸಲ ತೆರಬೇಕು.

ಈ ವಿಚಾರ ಕಾಗದದಿಂದಿಳಿದು ಕಟ್ಟಡವಾದದ್ದನ್ನು ನೋಡಬೇಕಾದರೆ ಮತ್ತೆ ಬೋರ್ಡೋಗೇ ಹೋಗಬೇಕು. ಅಲ್ಲಿನ ಗ್ರಾಂ ಪಾರ್ಕ್ ಬಡಾವಣೆಯಲ್ಲಿ 1960ರ ದಶಕದ ಮೂರು ವಸತಿ ಸಮುಚ್ಚಯಗಳಿದ್ದು, ಅವುಗಳಲ್ಲಿ ಒಟ್ಟು 530 ಮನೆಗಳಿವೆ. ಲಕಾಟನ್ ಮತ್ತು ವಸಾಲ್, ಫ್ರೆಡೆರಿಕ್ ದ್ರುವೋ ಮತ್ತು ಕ್ರಿಸ್ತೋಫ್ ಹುತಾಂ ಎಂಬ ವಾಸ್ತುಶಿಲ್ಪಿಗಳೊಡಗೂಡಿ, ಹಳೆಯ ಕಟ್ಟಡದ ಮುಂಭಾಗಕ್ಕೆ ಮೊದಲೇ ಸಿದ್ಧಪಡಿಸಿದ ಚೌಕಟ್ಟುಗಳನ್ನು ಜೋಡಿಸಿ, ಸುಮಾರು 3.8 ಮೀಟರ್ ಆಳದ ಗಾಜಿನಂಗಳ ಮತ್ತು ಮೊಗಸಾಲೆಯನ್ನು ಸೇರಿಸಿದರು. ಸಣ್ಣ ಕಿಟಕಿಗಳಿದ್ದ ಕಡೆ ನೆಲ ಮುಟ್ಟುವ ಜಾರುಬಾಗಿಲುಗಳು ಬಂದವು. ಚಳಿಗಾಲದಲ್ಲಿ ಬಿಸಿಲಿನ ಕಾವನ್ನು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ತೆರೆದುಕೊಂಡು ಗಾಳಿಯಾಡಲು ಬಿಡುವ ಈ ನಡುವಣ ಅಂಗಳವು ಮನೆಗೆ ಹೊದಿಕೆಯೂ ಹೌದು, ಹೆಚ್ಚುವರಿ ಕೋಣೆಯೂ ಹೌದು. ಕೆಲಸ ನಡೆಯುವಾಗಲೂ ನಿವಾಸಿಗಳು ತಮ್ಮ ಮನೆಗಳಲ್ಲೇ ಇದ್ದರು ಎಂಬ ಸಂಗತಿಯನ್ನು ನಾನು ಆ ಕಟ್ಟಡದ ಅಂದಕ್ಕಿಂತ ಮೇಲಾಗಿ ಎಣಿಸುತ್ತೇನೆ. 2019ರಲ್ಲಿ ಇದಕ್ಕೆ ಯುರೋಪಿನ ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಬಂತು; 2021ರಲ್ಲಿ ಲಕಾಟನ್ ಮತ್ತು ವಸಾಲ್ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದಿತು.

ಇದು ಎಲ್ಲ ಕಟ್ಟಡಗಳಿಗೂ ಒಗ್ಗುವ ದಾರಿಯಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಂಬಗಳು ಬಿರಿದಿದ್ದರೆ, ಅಂಥ ಕಟ್ಟಡದ ಮೈಗೆ ಹೊಸ ಭಾರ ಹೊರಿಸುವಂತಿಲ್ಲ. ಹಾಗಾಗಿ ಇಲ್ಲಿ ವಾಸ್ತುಶಿಲ್ಪಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಬಿಳಿ ಹಾಳೆಯನ್ನಲ್ಲ, ಆ ಕಟ್ಟಡದ ಹಳೆಯ ನಕ್ಷೆಯನ್ನು.