ಅರ್ಧ ತೋಳಿನ ಊರಿಗೆ ಯಾವ ವಾಚು?

ನಮಸ್ಕಾರ. ನನ್ನ ಅಕ್ಕನ ಮಗನಿಗೆ ಮೇ ತಿಂಗಳಿನಲ್ಲಿ ಉಡುಪಿಯಲ್ಲಿ ಮದುವೆ. ಹದಿನೈದು ಸಾವಿರ ರೂಪಾಯಿ ಎತ್ತಿಟ್ಟುಕೊಂಡು ಕೇಳುತ್ತಿದ್ದಾನೆ: "ಮಾವ, ಕೀ ಕೊಡುವ ತೆಳ್ಳಗಿನ ವಾಚು ತೆಗೆದುಕೊಳ್ಳಲೋ, ಸೆಲ್ ಹಾಕುವ ಕ್ರೋನೋಗ್ರಾಫ್ ತೆಗೆದುಕೊಳ್ಳಲೋ?"

ಕ್ರೋನೋಗ್ರಾಫ್, ಅಂದರೆ ಗುಂಡಿ ಒತ್ತಿ ಸೆಕೆಂಡು ಅಳೆಯುವ ಸ್ಟಾಪ್‌ವಾಚ್ ಇರುವ ವಾಚು, ತೆಗೆದುಕೋ ಎಂದೆ. ಅವನ ಮುಖ ಸಪ್ಪೆಯಾಯಿತು.

ಡ್ರೆಸ್ ವಾಚು, ಅಂದರೆ ಸಮಾರಂಭಕ್ಕೆ ಕಟ್ಟುವ ವಾಚು, ಅಂಗಿಯ ತೋಳಿನೊಳಗೆ ಸಲೀಸಾಗಿ ಜಾರುವಷ್ಟು ತೆಳ್ಳಗಿರಬೇಕು ಎನ್ನುವುದು ಶಾಸ್ತ್ರ. ಮಂಗಳೂರಿನ ಸೆಕೆಯಲ್ಲಿ ತುಂಬು ತೋಳಿನ ಅಂಗಿ ತೊಟ್ಟು ಮಣಿಕಟ್ಟಿನ ಗುಂಡಿ ಹಾಕಿಕೊಳ್ಳುವವರು ಎಷ್ಟು ಜನ? ಕೃಷ್ಣ ಮಠದೊಳಗೆ ಹೋಗುವಾಗಲಂತೂ ಗಂಡಸರು ಅಂಗಿಯನ್ನೇ ಕಳಚಬೇಕು. ವಾಚು ಅಡಗಿಕೊಳ್ಳಲು ಇಲ್ಲಿ ಜಾಗವೇ ಇಲ್ಲ. ಇನ್ನು ಚರ್ಮದ ಬೆಲ್ಟು. ನನ್ನದನ್ನು ಮೊನ್ನೆ ಬಿಚ್ಚಿ ನೋಡಿದೆ: ಒಳಬದಿಯಲ್ಲಿ ಬೆವರಿನ ಉಪ್ಪು ಬಿಳಿ ಗೆರೆಯಾಗಿ ಕೂತಿದೆ, ತೂತುಗಳ ಸುತ್ತ ಚರ್ಮ ಬಿರಿದಿದೆ. ಕೊಂಡು ಒಂದು ವರ್ಷವೂ ಆಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಆ ವಾಚು ಕಪಾಟು ಸೇರುತ್ತದೆ.

ಸಮಯದ ಲೆಕ್ಕವನ್ನು ಬೇಗ ಮುಗಿಸೋಣ. ಸೆಲ್ ವಾಚಿನೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ ಹದಿನೈದು ಸೆಕೆಂಡು ತಪ್ಪಿದರೆ ಹೆಚ್ಚು. ಕೀ ಕೊಡುವ ಸಾಧಾರಣ ವಾಚು ಅಷ್ಟನ್ನು ಒಂದೇ ದಿನದಲ್ಲಿ ತಪ್ಪುತ್ತದೆ. ಜೇಬಿನಲ್ಲಿ ಮೊಬೈಲ್ ಇರುವವರಿಗೆ ಇದು ದೊಡ್ಡ ವಿಷಯವಲ್ಲ.

ನನಗೆ ದೊಡ್ಡದು ಕ್ರೋನೋಗ್ರಾಫಿನ ಗುಂಡಿ. ಕ್ರೋನೋಗ್ರಾಫ್ ಕಟ್ಟಿದವರಲ್ಲಿ ಎಷ್ಟೋ ಜನ ಅದನ್ನು ಒತ್ತುವುದೇ ಇಲ್ಲ. ಅಂಥವರು ಸುಮ್ಮನೆ ದುಡ್ಡು ಕಳೆಯಬೇಡಿ. ನಾನು ಒತ್ತುತ್ತೇನೆ. ಡಯಲಿನ ಅಂಚಿನಲ್ಲಿ 60, 80, 100 ಎಂದು ಅಂಕಿಗಳಿರುತ್ತವಲ್ಲ, ಅದು ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಹೇಳುವ ವೇಗದ ಪಟ್ಟಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿ ಬದಿ ಕೂತು, ಹೆದ್ದಾರಿಯ ಒಂದು ಕಿಲೋಮೀಟರ್ ಕಲ್ಲಿನ ಬಳಿ ಒತ್ತಿ, ಮುಂದಿನದರ ಬಳಿ ನಿಲ್ಲಿಸಿ. 45 ಸೆಕೆಂಡಾದರೆ ಮುಳ್ಳು 80ಕ್ಕೆ ನಿಂತಿರುತ್ತದೆ. ಕಡಿಮೆ ಸೆಕೆಂಡಾದರೆ ಎದುರಿನ ಸೀಟಿನ ಕಂಬಿ ಹಿಡಿದುಕೊಳ್ಳಿ.

ಕಂಬಳಕ್ಕೂ ಕಟ್ಟಿಕೊಂಡು ಹೋಗುತ್ತೇನೆ. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಕಣವನ್ನು) 13.62 ಸೆಕೆಂಡಿನಲ್ಲಿ ಓಡಿದರು. ಸೆಕೆಂಡಿಗೊಂದು ಹೆಜ್ಜೆ ಇಡುವ ಅಗ್ಗದ ಮುಳ್ಳಿಗೆ ಅಂಥ ಓಟದ ವ್ಯತ್ಯಾಸ ಸಿಗುವುದಿಲ್ಲ. ಅದಕ್ಕೇ ಸೀಕೊ (Seiko) ಕಂಪನಿಯ ವಿಕೆ63 (VK63) ಯಂತ್ರವಿರುವ ವಾಚು ಹುಡುಕು ಎಂದು ಹುಡುಗನಿಗೆ ಹೇಳಿದ್ದು. ಸಮಯಕ್ಕೆ ಕ್ವಾರ್ಟ್ಜ್, ಕ್ರೋನೋಗ್ರಾಫಿಗೆ ಹಲ್ಲುಚಕ್ರ. ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಓಡುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಟಕ್ಕೆಂದು ಸೊನ್ನೆಗೆ ಹಾರುತ್ತದೆ. ಆ "ಟಕ್" ಬೆರಳಿಗೇ ತಿಳಿಯುತ್ತದೆ.

ಸೆಲ್ ವಾಚಿಗೆ ತಾಪತ್ರಯವಿಲ್ಲ ಎಂದೇನೂ ಅಲ್ಲ. ಒಂದು ಅಂಗಡಿಯಲ್ಲಿ ಸೆಲ್ ಹಾಕಿಸಿದೆ. ಹಿಂದಿನ ಮುಚ್ಚಳದ ರಬ್ಬರ್ ರಿಂಗನ್ನು ನೆಟ್ಟಗೆ ಕೂರಿಸದೆ ಒತ್ತಿಬಿಟ್ಟರು. ಮೊದಲ ಮಳೆಗೇ ಗಾಜಿನೊಳಗೆ ಹಬೆ. ಈಗ ಕೌಂಟರಿನ ಎದುರೇ ನಿಂತು, ರಿಂಗ್ ಕೂರಿಸುವುದನ್ನು ನೋಡಿಯೇ ದುಡ್ಡು ಕೊಡುವುದು.

"ಹಾಗಾದರೆ ಮದುವೆಗೆ?" ಎಂದ. ಅಲ್ಲ ಮಾರಾಯ, ಮನೆಯಲ್ಲಿ ನಿನ್ನ ಅಜ್ಜನ ಎಚ್‌ಎಂಟಿ ಜನತಾ ಇಲ್ಲವೇ? 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟ ಕಂಪನಿಯದು, ಒಳಗೆ ಚಕ್ರಗಳ ಸವೆತ ತಡೆಯುವ 17 ಕಲ್ಲಿನದು. ನನ್ನ ಅಪ್ಪ ಬೆಳಗಿನ ಕಾಫಿ ಕುಡಿದಾದ ಮೇಲೆ ಹೆಬ್ಬೆರಳು, ತೋರುಬೆರಳಿನಲ್ಲಿ ಅದಕ್ಕೆ ಕೀ ಕೊಡುತ್ತಿದ್ದರು. ಬಿಗಿಯಾಯಿತು ಅನ್ನಿಸಿದ ಕೂಡಲೇ ಬಿಡುತ್ತಿದ್ದರು. ಮೊನ್ನೆ ತೆಗೆದು ಕೀ ಕೊಟ್ಟೆ, ಓಡಿತು. ಬೆಲ್ಟೊಂದು ಹೊಸದು ಹಾಕಿಸಬೇಕು. ಧಾರೆಯ ಹೊತ್ತಿಗೆ ಎರಡು ನಿಮಿಷ ಹಿಂದೆ ಬಿದ್ದರೂ ಚಿಂತೆಯಿಲ್ಲ, ಭಟ್ಟರ ಹತ್ತಿರ ಮೊಬೈಲ್ ಇದ್ದೇ ಇರುತ್ತದೆ.